ಲೆಕ್ಕಕ್ಕೆ ಸಿಗದ ನಾಲ್ಕು ದಿನ

ಆರನೆಯ ಶತಮಾನದಲ್ಲಿ ವರಾಹಮಿಹಿರ ಬೃಹತ್ಸಂಹಿತೆಯ ಕೇತುಚಾರ ಅಧ್ಯಾಯಕ್ಕೆ ತೊಡಗುವಾಗಲೇ ಒಂದು ಮಾತು ಹೇಳಿಬಿಡುತ್ತಾನೆ: ಕೇತುಗಳು, ಅಂದರೆ ಧೂಮಕೇತುಗಳು, ಯಾವಾಗ ಕಾಣಿಸಿಕೊಳ್ಳುತ್ತವೆ, ಯಾವಾಗ ಮರೆಯಾಗುತ್ತವೆ ಎಂಬುದು ಗಣಿತಕ್ಕೆ ಸಿಗುವಂಥದ್ದಲ್ಲ. ಗ್ರಹಣದ ಸ್ಪರ್ಶ ಮೋಕ್ಷಗಳನ್ನು ಗಳಿಗೆಗಳ ಲೆಕ್ಕದಲ್ಲಿ ಮುಂಚೆಯೇ ಹೇಳಬಲ್ಲ ಪರಂಪರೆಯವನು ಆಡಿದ ಮಾತು ಇದು; ಅದಕ್ಕೇ ಇದಕ್ಕೆ ತೂಕ. ತಿಳಿಯದ್ದನ್ನು ತಿಳಿಯದು ಎಂದು ಬರೆದಿಡಲು ಜ್ಯೋತಿಷಿಗೆ ಧೈರ್ಯ ಬೇಕು. ಆ ಮಾತು ಸುಳ್ಳಾಗಲು ಹನ್ನೆರಡು ಶತಮಾನ ಹಿಡಿಯಿತು. ಸುಳ್ಳಾದದ್ದೂ ಪೂರ್ತಿಯಾಗಿ ಅಲ್ಲ. ಧೂಮಕೇತು ಬಂದಾಗಲೆಲ್ಲ ಲೆಕ್ಕ ಹಾಕಿದವರ ಕೈಯಲ್ಲಿ ಒಂದಷ್ಟು ದಿನ ಹೊಂದದೆ ಉಳಿಯುತ್ತಿದ್ದವು. ಧೂಮಕೇತುವಿನ ಒಡಲಲ್ಲಿ ಏನಿದೆ ಎಂಬುದನ್ನು ಕೊನೆಗೆ ತಿಳಿಸಿಕೊಟ್ಟದ್ದು ಹಾಗೆ ಉಳಿದ ದಿನಗಳೇ.

ಧೂಮಕೇತುವಿನ ಜಾಡು ಹಿಡಿಯುವವರು ಮೊದಲು ಮಾಡುವ ಕೆಲಸ ಕಾಲ ಎಷ್ಟು ಬದಲಾದರೂ ಬದಲಾಗಿಲ್ಲ. ಈ ರಾತ್ರಿ ಅದು ಗುರುತಿರುವ ಯಾವ ನಕ್ಷತ್ರದಿಂದ ಎಷ್ಟು ಅಂಶ ದೂರವಿದೆ ಎಂದು ಅಳೆಯಬೇಕು, ಹೊತ್ತಿನ ಸಮೇತ ಬರೆದಿಡಬೇಕು. ನಾಳೆ ಮತ್ತೆ ಅಳೆಯಬೇಕು. ಇದರಿಂದ ಸಿಗುವುದು ದಿಕ್ಕು ಮಾತ್ರ, ದೂರವಲ್ಲ. ಸಾಲದ್ದಕ್ಕೆ ಅಳೆಯುತ್ತಿರುವವನು ನಿಂತ ನೆಲವೂ ಸೂರ್ಯನ ಸುತ್ತ ಓಡುತ್ತಿದೆ. ಇಂಥ ದಿಕ್ಕುಗಳ ಪಟ್ಟಿಯಿಂದ ಆಕಾಶದಲ್ಲಿ ನಿಜವಾದ ಒಂದು ಹಾದಿಯನ್ನು ಹೊರತೆಗೆಯುವ ಬಗೆ 1687ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಡೆನ್ಮಾರ್ಕಿನ ಟೈಕೊ ಬ್ರಾಹೆ 1577ರ ಧೂಮಕೇತು ಚಂದ್ರನಿಗಿಂತ ಬಹಳ ಆಚೆ ಇದೆ ಎಂದು ಅಳೆದು ತೋರಿಸಿದ್ದ. ಗ್ರಹಗಳ ಕಕ್ಷೆ ದೀರ್ಘವೃತ್ತವೆಂದು ಕಂಡುಹಿಡಿದ ಕೆಪ್ಲರನೇ 1607ರ ಧೂಮಕೇತುವನ್ನು ನೋಡಿ, ಅವು ಸರಳರೇಖೆಯಲ್ಲಿ ಸಾಗಿಹೋಗುತ್ತವೆ ಎಂದು ನಂಬಿದ. ನಂಬಿಕೆ ತಪ್ಪಾಗಿತ್ತು, ಅವನು ಬರೆದಿಟ್ಟ ಸ್ಥಾನಗಳು ತಪ್ಪಾಗಿರಲಿಲ್ಲ. ನೂರು ವರ್ಷದ ಬಳಿಕ ಎಡ್ಮಂಡ್ ಹ್ಯಾಲಿಗೆ ಬೇಕಾದದ್ದು ಆ ಸ್ಥಾನಗಳೇ.

ನ್ಯೂಟನ್ನನ ಪ್ರಿನ್ಸಿಪಿಯಾ ಹೊರಬರಲು ಹ್ಯಾಲಿಯ ಒತ್ತಾಯವೂ ಕಾರಣ, ಹ್ಯಾಲಿಯ ಹಣವೂ ಕಾರಣ. ಧೂಮಕೇತುವಿನ ಹಾದಿಯನ್ನು ಪರವಲಯವೆಂದು ಹಿಡಿದು, ಮೂರು ರಾತ್ರಿಗಳ ಅಳತೆಯಿಂದ ಅದನ್ನು ಕಟ್ಟಿಕೊಳ್ಳುವ ವಿಧಾನ ಆ ಪುಸ್ತಕದಲ್ಲಿತ್ತು. ಹ್ಯಾಲಿ ಅದನ್ನು ಹಿಡಿದು ಹಳೆಯ ದಾಖಲೆಗಳತ್ತ ತಿರುಗಿದ. 1705ರಲ್ಲಿ ಪ್ರಕಟವಾದ ಅವನ ಧೂಮಕೇತು ಸಂಗ್ರಹದಲ್ಲಿ 1337ರಿಂದ 1698ರವರೆಗಿನ 24 ಧೂಮಕೇತುಗಳ ಕಕ್ಷೆಗಳಿವೆ. ಒಂದೊಂದರ ಹಿಂದೆಯೂ ಕೈಬರಹದ ಉದ್ದುದ್ದ ಲೆಕ್ಕವಿತ್ತು. ಆ ಕೋಷ್ಟಕದ ಮೂರು ಸಾಲುಗಳು ಒಂದನ್ನೊಂದು ಹೋಲುತ್ತಿದ್ದವು: ಪೀಟರ್ ಏಪಿಯನ್ ನೋಡಿದ 1531ರದು, ಕೆಪ್ಲರ್ ನೋಡಿದ 1607ರದು, ಹ್ಯಾಲಿ ತಾನೇ ಕಣ್ಣಾರೆ ಕಂಡ 1682ರದು. ಮೂರೂ ಗ್ರಹಗಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತವೆ, ಮೂರರ ಕಕ್ಷೆಗಳೂ ಹೆಚ್ಚುಕಡಿಮೆ ಒಂದೇ ಓರೆಯಲ್ಲಿವೆ, ಮೂರೂ ಸೂರ್ಯನಿಗೆ ಹೆಚ್ಚುಕಡಿಮೆ ಒಂದೇ ದೂರದವರೆಗೆ ಬಂದು ತಿರುಗುತ್ತವೆ. ಇದು ಒಂದೇ ಧೂಮಕೇತು, 1758ರಲ್ಲಿ ಮರಳುತ್ತದೆ ಎಂದು ಅವನು ಬರೆದ.

ಒಂದು ತೊಡಕಿತ್ತು. ಮೊದಲ ಸುತ್ತಿಗೆ 76 ವರ್ಷಕ್ಕೆ ಮೇಲೆ ಎರಡು ತಿಂಗಳು ಹಿಡಿದಿದ್ದರೆ, ಎರಡನೆಯದಕ್ಕೆ 75 ವರ್ಷವೂ ತುಂಬಿರಲಿಲ್ಲ. ಒಂದೇ ಕಾಯವಾದರೆ ಒಂದು ಸುತ್ತಿಗೂ ಇನ್ನೊಂದಕ್ಕೂ ಹದಿನೈದು ತಿಂಗಳ ಅಂತರ ಹೇಗೆ? ಗುರುಗ್ರಹದ ಸೆಳೆತವೇ ಕಾರಣವಿರಬೇಕು ಎಂದ ಹ್ಯಾಲಿ. ಗುರು ಎಷ್ಟು ಎಳೆಯುತ್ತಾನೆಂದು ಸೂಕ್ಷ್ಮವಾಗಿ ಲೆಕ್ಕ ಹಾಕುವ ಉಪಾಯ ಅವನ ಕಾಲಕ್ಕೆ ಇರಲಿಲ್ಲ. ತಾನು ಹೇಳಿದ ದಿನವನ್ನು ನೋಡಲು ತಾನಿರುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದ. 1742ರಲ್ಲಿ 85ನೆಯ ವಯಸ್ಸಿನಲ್ಲಿ ತೀರಿಕೊಂಡ.

ಮುಂದಿನದು ಪ್ಯಾರಿಸ್ಸಿನ ಕಥೆ, ನನಗೆ ಈ ಇತಿಹಾಸದಲ್ಲೆಲ್ಲ ಅತ್ಯಂತ ಪ್ರಿಯವಾದ ಭಾಗ. ಗಣಿತಜ್ಞ ಅಲೆಕ್ಸಿ ಕ್ಲೆರೋ ಮೂರು ಕಾಯಗಳು ಪರಸ್ಪರ ಎಳೆದಾಡುವ ಸಮಸ್ಯೆಗೆ ಅಂದಾಜಿನ ಪರಿಹಾರವೊಂದನ್ನು ಕಂಡುಕೊಂಡಿದ್ದ. 1757ರ ಬೇಸಿಗೆಯಲ್ಲಿ, ಧೂಮಕೇತು ಬರಲು ಇನ್ನೇನು ಒಂದೂವರೆ ವರ್ಷವಿದೆ ಎನ್ನುವಾಗ, ಆ ಸೂತ್ರಕ್ಕೆ ಅಂಕಿ ತುಂಬುವ ಕೆಲಸ ಶುರುವಾಯಿತು. ತುಂಬಬೇಕಾದವರು ಇಬ್ಬರು: ಯುವ ಖಗೋಳಜ್ಞ ಜೆರೋಮ್ ಲಲಾಂಡ್ ಮತ್ತು ನಿಕೋಲ್ ರೆನ್ ಲೆಪೋಟ್. ಆಕೆ ರಾಜನ ಗಡಿಯಾರ ತಯಾರಕನ ಹೆಂಡತಿ; ಲೋಲಕಗಳ ಆಂದೋಲನದ ಕೋಷ್ಟಕಗಳನ್ನು ಗುಣಿಸಿ ಪಳಗಿದ್ದವಳು.

ಆಗಬೇಕಾದ ಲೆಕ್ಕ ಎಂಥದ್ದೆಂದು ಊಹಿಸಿಕೊಂಡರೆ ಈಗಲೂ ಗಾಬರಿಯಾಗುತ್ತದೆ. ಸುಮಾರು 150 ವರ್ಷಗಳ ಅವಧಿಗೆ, ಧೂಮಕೇತುವಿನ ಹಾದಿಯ ಪ್ರತಿಯೊಂದು ಅಂಶದಲ್ಲೂ, ಗುರು ಎಲ್ಲಿದ್ದ, ಶನಿ ಎಲ್ಲಿದ್ದ, ಧೂಮಕೇತುವಿನಿಂದ ಎಷ್ಟು ದೂರ, ಎತ್ತ ಎಳೆಯುತ್ತಿದ್ದ ಎಂದು ಕಂಡುಹಿಡಿಯಬೇಕು. ಆ ಪುಟ್ಟ ಎಳೆತಗಳನ್ನೆಲ್ಲ ಕೂಡಿಸಿ ಒಟ್ಟು ಎಷ್ಟು ದಿನ ತಡವಾಗುತ್ತದೆ ಎಂದು ಹೇಳಬೇಕು. ಎಲ್ಲೋ ಒಂದು ಕಡೆ ಒಂದು ಅಂಕಿ ತಪ್ಪಿದರೆ ಅದು ಮುಂದಿನ ಪುಟಗಳಿಗೆಲ್ಲ ಹರಡುತ್ತದೆ. ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಮೇಜಿನಲ್ಲೂ, ತಿಂಗಳುಗಟ್ಟಲೆ ಗುಣಿಸಿದೆವು, ಅದರಿಂದ ತನ್ನ ಆರೋಗ್ಯವೂ ಕೆಟ್ಟಿತು ಎಂದು ಲಲಾಂಡ್ ಮುಂದೆ ನೆನೆದಿದ್ದಾನೆ. ಲೆಪೋಟ್ ಇಲ್ಲದಿದ್ದರೆ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕುವ ಎದೆಗಾರಿಕೆಯೇ ತಮಗೆ ಬರುತ್ತಿರಲಿಲ್ಲ ಎಂದೂ ಒಪ್ಪಿಕೊಂಡಿದ್ದಾನೆ. ಆಕಾಶ ಕಾಯುವುದಿಲ್ಲ. ಧೂಮಕೇತು ಕಣ್ಣಿಗೆ ಬಿದ್ದ ಮೇಲೆ ಲೆಕ್ಕ ಮುಗಿದರೆ ಅದು ಭವಿಷ್ಯವಾಗುವುದಿಲ್ಲ. ಆ ಆತುರದಲ್ಲಿ ಕೆಲವು ಸಣ್ಣ ಪರಿಣಾಮಗಳನ್ನು ಕೈಬಿಡಬೇಕಾಯಿತು.

1758ರ ನವೆಂಬರ್ 14ರಂದು ಕ್ಲೆರೋ ಪ್ಯಾರಿಸ್ ವಿಜ್ಞಾನ ಅಕಾಡೆಮಿಯ ಮುಂದೆ ಫಲಿತಾಂಶ ಇಟ್ಟ. ಗುರುವಿನಿಂದ 518 ದಿನ, ಶನಿಯಿಂದ 100 ದಿನ, ಒಟ್ಟು 618 ದಿನ ಈ ಸುತ್ತು ಹಿಂದಿನದಕ್ಕಿಂತ ತಡ. ಸೂರ್ಯನಿಗೆ ಅತಿ ಹತ್ತಿರದ ಬಿಂದುವಾದ ಪುರರವಿಯನ್ನು ಅದು ದಾಟುವುದು 1759ರ ಏಪ್ರಿಲ್ ಮಧ್ಯದಲ್ಲಿ. ಒಂದು ತಿಂಗಳು ಆಚೀಚೆ ಆಗಬಹುದು.

ಇದಾಗಿ ಆರು ವಾರ ಕಳೆಯುವುದರೊಳಗೆ, ಡಿಸೆಂಬರ್ 25ರ ರಾತ್ರಿ, ಜರ್ಮನಿಯ ಡ್ರೆಸ್ಡನ್ ಹತ್ತಿರದ ಪ್ರೋಲಿಸ್ ಎಂಬ ಹಳ್ಳಿಯ ರೈತ ಯೋಹಾನ್ ಗಿಯೊರ್ಗ್ ಪಾಲಿಟ್ಸ್ ತನ್ನ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ. ಹೊಲ ಉತ್ತುಕೊಂಡೇ ತಾನಾಗಿ ಖಗೋಳಶಾಸ್ತ್ರ ಕಲಿತವನು ಆತ. ತಿಮಿಂಗಿಲ ನಕ್ಷತ್ರಪುಂಜದ ಮೀರಾ ಎಂಬ, ಹೊಳಪು ಏರಿಳಿಯುವ ನಕ್ಷತ್ರವನ್ನು ನೋಡುವ ಉದ್ದೇಶವೂ ಅವನಿಗಿತ್ತು. ಹತ್ತಿರದ ಮೀನರಾಶಿಯಲ್ಲಿ ಹಿಂದೆಂದೂ ಕಾಣದ ಮಂಜಿನಂಥ ಚುಕ್ಕೆಯೊಂದು ಕಾಣಿಸಿತು. ಯೂರೋಪಿನ ದೊಡ್ಡ ದೊಡ್ಡ ವೀಕ್ಷಣಾಲಯಗಳು ಹುಡುಕುತ್ತಿದ್ದದ್ದು ಒಬ್ಬ ರೈತನಿಗೆ ಸಿಕ್ಕಿತು.

ಪ್ಯಾರಿಸ್ಸಿನಲ್ಲಿ ಶಾರ್ಲ್ ಮೆಸಿಯೆ ಒಂದೂವರೆ ವರ್ಷದಿಂದ ಹುಡುಕುತ್ತಿದ್ದ. ಅವನ ಹಿರಿಯ ಡೆಲಿಲ್ ಮಾಡಿಕೊಟ್ಟ ನಕಾಶೆ ತಪ್ಪಾಗಿತ್ತು. 1759ರ ಜನವರಿ 21ರಂದು, ನಕಾಶೆ ತೋರಿಸದ ಕಡೆ, ಮೆಸಿಯೆಗೂ ಅದು ಕಂಡಿತು. ಯಾರಿಗೂ ಹೇಳಬೇಡ ಎಂದು ಡೆಲಿಲ್ ಅಪ್ಪಣೆ ಮಾಡಿದ. ಏಪ್ರಿಲ್ 1ರವರೆಗೆ ಆ ಅಳತೆಗಳು ಬೆಳಕು ಕಾಣಲಿಲ್ಲ. ಬೆಂಬಿಡದೆ ನೋಡಿದವನೊಬ್ಬನ ಕೆಲಸವನ್ನು ಪ್ರತಿಷ್ಠೆಗಾಗಿ ಮುಚ್ಚಿಟ್ಟದ್ದು ಅನ್ಯಾಯವೇ ಸರಿ. ಮೆಸಿಯೆ ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಧೂಮಕೇತು ಎಂದು ಮೋಸಗೊಳಿಸುವ ಮಸುಕು ಮೋಡಗಳನ್ನು ಗುರುತುಹಾಕಿಕೊಳ್ಳುತ್ತ ಹೋದ. ಇಂದಿಗೂ ಹವ್ಯಾಸಿ ವೀಕ್ಷಕರು ಕೈಯಲ್ಲಿ ಹಿಡಿಯುವ ಮೆಸಿಯೆ ಪಟ್ಟಿ ಹುಟ್ಟಿದ್ದು ಹೀಗೆ.

ಧೂಮಕೇತು ಪುರರವಿ ದಾಟಿದ್ದು 1759ರ ಮಾರ್ಚ್ 13ರಂದು. ಕ್ಲೆರೋ ಹೇಳಿದ್ದಕ್ಕಿಂತ ಸುಮಾರು ಒಂದು ತಿಂಗಳು ಮೊದಲು. ಇಷ್ಟು ತಪ್ಪಿದ್ದು ಯಶಸ್ಸೇ ಅಲ್ಲ ಎಂದು ಗಣಿತಜ್ಞ ಡಾಲಂಬರ್ ಜಗಳಕ್ಕೆ ನಿಂತ. ನನಗೆ ಅದು ಸಣ್ಣತನವಾಗಿ ತೋರುತ್ತದೆ. ಶನಿಯ ತೂಕವೇ ಸರಿಯಾಗಿ ಗೊತ್ತಿರದ, ಯುರೇನಸ್ ನೆಪ್ಚೂನ್‌ಗಳ ಹೆಸರೂ ಇರದ ಕಾಲದಲ್ಲಿ 76 ವರ್ಷಗಳ ದಾರಿಯನ್ನು ಒಂದು ತಿಂಗಳ ಅಂಚಿಗೆ ತಂದು ನಿಲ್ಲಿಸಿದ್ದರು. ಕಣ್ಣಿಗೆ ಕಾಣದಷ್ಟು ದೂರದ ಗ್ರಹವೊಂದು ಎಳೆಯುತ್ತಿರಬಹುದು ಎಂದು ಕ್ಲೆರೋ ಆಗಲೇ ಅನುಮಾನಿಸಿದ್ದ. ಅವನ ಮೇಲೆ ನನಗಿರುವ ದೂರು ಬೇರೆ: 1760ರಲ್ಲಿ ಅವನು ಅಚ್ಚುಮಾಡಿಸಿದ ಧೂಮಕೇತು ಗ್ರಂಥದಲ್ಲಿ ಲೆಪೋಟ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಅದನ್ನು ಸಲ್ಲಿಸಿದವನು ಲಲಾಂಡ್, ತನ್ನ ಬರಹಗಳಲ್ಲಿ. ಚಂದ್ರನ ಮೇಲಿನ ಒಂದು ಕುಳಿಗೆ ಈಗ ಆಕೆಯ ಹೆಸರಿದೆ.

ಮುಂದಿನ ಸಲ, 1835ರಲ್ಲಿ, ಯುರೇನಸ್ ಕೂಡ ಲೆಕ್ಕದೊಳಗೆ ಬಂದಿತ್ತು. ನಾಲ್ವರು ಬೇರೆ ಬೇರೆಯಾಗಿ ಗುಣಿಸಿದರು. ನವೆಂಬರ್ 16ರಂದು ಪುರರವಿ ದಾಟಿದಾಗ, ಅತ್ಯುತ್ತಮ ಲೆಕ್ಕಗಳಿಗೂ ನಿಜಕ್ಕೂ ಇದ್ದ ಅಂತರ ಕೆಲವೇ ದಿನ. ಆ ವರ್ಷದ ದೊಡ್ಡ ಘಟನೆ ದಿನಾಂಕದ್ದಲ್ಲ. ಕೋನಿಗ್ಸ್‌ಬರ್ಗಿನ ಫ್ರೀಡ್ರಿಶ್ ಬೆಸೆಲ್ ದೂರದರ್ಶಕದಲ್ಲಿ ನೋಡುತ್ತಿದ್ದಾಗ ಧೂಮಕೇತುವಿನ ನಡುವಿನಿಂದ ಸೂರ್ಯನ ಕಡೆಗೆ ಬೀಸಣಿಗೆಯಂತೆ ಹರಡಿದ ಬೆಳಕಿನ ಚಿಲುಮೆ ಕಂಡಿತು. ರಾತ್ರಿಯಿಂದ ರಾತ್ರಿಗೆ ಅದರ ದಿಕ್ಕು ಬದಲಾಗುತ್ತಿತ್ತು. ಒಂದು ಕಡೆಗೆ ವಸ್ತು ಹೀಗೆ ಚಿಮ್ಮಿದರೆ ಇನ್ನೊಂದು ಕಡೆಗೆ ಧೂಮಕೇತು ತಳ್ಳಲ್ಪಡಬೇಕಲ್ಲ, ಅದರಿಂದ ಕಕ್ಷೆಯೇ ಬದಲಾಗಬೇಕಲ್ಲ ಎಂದು ಬೆಸೆಲ್ ಬರೆದ.

ಆಗ ಯಾರೂ ಅದನ್ನು ಗಂಭೀರವಾಗಿ ಕೈಗೆತ್ತಿಕೊಳ್ಳಲಿಲ್ಲ. ಕಾರಣವಿತ್ತು. ಯೋಹಾನ್ ಎಂಕೆ ಎಂಬ ಗಣಿತಜ್ಞ 1786, 1795, 1805 ಮತ್ತು 1818ರಲ್ಲಿ ಕಂಡ ನಾಲ್ಕು ಪುಟ್ಟ ಧೂಮಕೇತುಗಳು (1795ರದನ್ನು ಕಂಡವಳು ಕ್ಯಾರೊಲಿನ್ ಹರ್ಷೆಲ್) ಒಂದೇ ಎಂದೂ, ಅದಕ್ಕೆ ಸೂರ್ಯನನ್ನು ಸುತ್ತಲು ಬರೀ 3.3 ವರ್ಷ ಸಾಕೆಂದೂ ತೋರಿಸಿದ್ದ. ಅದು ಪ್ರತಿ ಸುತ್ತಿನಲ್ಲೂ ಸುಮಾರು ಎರಡೂವರೆ ಗಂಟೆ ಬೇಗ ಬರುತ್ತಿತ್ತು. ಗ್ರಹಗಳ ಸೆಳೆತವನ್ನೆಲ್ಲ ಕಳೆದರೂ ಆ ಎರಡೂವರೆ ಗಂಟೆ ಹೋಗುತ್ತಿರಲಿಲ್ಲ. ಆಕಾಶದ ತುಂಬ ತೆಳುವಾದ ಯಾವುದೋ ದ್ರವ್ಯ ಹರಡಿದೆ, ಅದರ ತಡೆಯಿಂದ ಧೂಮಕೇತು ಸೂರ್ಯನತ್ತ ಒಳಸರಿಯುತ್ತಿದೆ ಎಂದ ಎಂಕೆ. ಅವನ ಹೆಸರಿಗಿದ್ದ ತೂಕದಿಂದ ಆ ವಾದ ಬಹುಕಾಲ ಬಾಳಿತು.

ಅದನ್ನು ಅಲುಗಿಸಿದ್ದು ಮತ್ತೆ ಹ್ಯಾಲಿಯದೇ. 1909ರ ಸೆಪ್ಟೆಂಬರ್ 11ರಂದು ಹೈಡೆಲ್‌ಬರ್ಗಿನಲ್ಲಿ ಮ್ಯಾಕ್ಸ್ ವೂಲ್ಫ್ ತೆಗೆದ ಫೋಟೋ ಫಲಕದಲ್ಲಿ ಅದು ಸಿಕ್ಕಿತು. ಗ್ರೀನಿಚ್‌ನ ಕೋವೆಲ್ ಮತ್ತು ಕ್ರೋಮೆಲಿನ್ ಅಷ್ಟು ಹೊತ್ತಿಗೆ ಹಿಂದೆಂದೂ ಇಲ್ಲದಷ್ಟು ನಿಖರವಾಗಿ ಗುಣಿಸಿದ್ದರು. 1910ರ ಏಪ್ರಿಲ್ 17 ಎಂದಿದ್ದರು. ಧೂಮಕೇತು ಪುರರವಿ ದಾಟಿದ್ದು ಏಪ್ರಿಲ್ 20ರಂದು. ಇಬ್ಬರೂ ಮರಳಿ ಲೆಕ್ಕ ತೆಗೆದರು, ಗ್ರಹಗಳ ತೂಕ ಸ್ಥಾನಗಳನ್ನೆಲ್ಲ ಪರಿಶೀಲಿಸಿದರು. ಕನಿಷ್ಠ ಎರಡು ದಿನದ ಅಂತರಕ್ಕೆ ಲೆಕ್ಕದ ತಪ್ಪು ಕಾರಣವಲ್ಲ ಎಂದು ನೇರವಾಗಿ ಬರೆದರು. ಎಂಕೆಯ ಧೂಮಕೇತು ಬೇಗ ಬರುತ್ತದೆ, ಹ್ಯಾಲಿಯದು ತಡವಾಗಿ ಬರುತ್ತದೆ. ದಾರಿಯಲ್ಲಿ ತಡೆಯೊಡ್ಡುವ ದ್ರವ್ಯವಿದ್ದರೆ ಒಂದನ್ನು ಅವಸರಪಡಿಸಿ ಇನ್ನೊಂದನ್ನು ತಡಮಾಡಿಸುವುದು ಹೇಗೆ?

ಆ ಮೇ ತಿಂಗಳಲ್ಲಿ ಭೂಮಿ ಧೂಮಕೇತುವಿನ ಬಾಲದ ಮೂಲಕ ಹಾದುಹೋಗಲಿದೆ, ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆ ಎಂಬ ಸುದ್ದಿಯಿಂದ ಜಗತ್ತಿನ ಅನೇಕ ಕಡೆ ಜನ ಹೆದರಿದರು. ಏನೂ ಆಗಲಿಲ್ಲ. ನಮ್ಮ ದಕ್ಷಿಣದಲ್ಲಿ ಕೊಡೈಕೆನಾಲ್ ಬೆಟ್ಟದ ವೀಕ್ಷಣಾಲಯದಿಂದ ಜಾನ್ ಎವರ್‌ಶೆಡ್ ಆ ಧೂಮಕೇತುವಿನ ಫೋಟೋಗಳನ್ನು ತೆಗೆದರು.

ಒಂದು ಬೇಗ, ಇನ್ನೊಂದು ತಡ ಎಂಬ ಒಗಟಿಗೆ ಉತ್ತರ ಬಂದದ್ದು 1950ರಲ್ಲಿ, ಹಾರ್ವರ್ಡಿನ ಫ್ರೆಡ್ ವಿಪಲ್ ಅವರಿಂದ. ಧೂಮಕೇತುವಿನ ನಡುವೆ ಇರುವುದು ಮರಳಿನ ಕಣಗಳ ಗುಂಪು ಎಂದು ಹಲವರು ತಿಳಿದಿದ್ದ ಕಾಲ ಅದು. ಅಲ್ಲ, ಅದು ಧೂಳು ಬೆರೆತ ಹಿಮದ ಗಟ್ಟಿಯಾದ ಒಂದೇ ಉಂಡೆ ಎಂದರು ವಿಪಲ್. ಸೂರ್ಯನ ಹತ್ತಿರ ಬಂದಾಗ ಹಿಮ ನೇರವಾಗಿ ಆವಿಯಾಗಿ ಚಿಮ್ಮುತ್ತದೆ. ಉಂಡೆ ತನ್ನ ಸುತ್ತ ತಾನು ತಿರುಗುತ್ತಿರುವುದರಿಂದ ಹೆಚ್ಚು ಚಿಮ್ಮುವ ಭಾಗ ಸೂರ್ಯನಿಗೆ ನೇರ ಎದುರಿಗಿರುವುದಲ್ಲ. ನಮ್ಮೂರ ಬಿಸಿಲು ನಡುಹಗಲಿಗಿಂತ ಎರಡು ಮೂರು ಗಂಟೆಯ ಹೊತ್ತಿಗೆ ಹೆಚ್ಚು ಸುಡುವಂತೆ, ಅಲ್ಲಿಯೂ ಅಪರಾಹ್ನದ ಮಗ್ಗುಲೇ ಹೆಚ್ಚು ಕಾದಿರುತ್ತದೆ. ಉಂಡೆಯ ತಿರುಗಾಟ ಕಕ್ಷೆಯ ದಿಕ್ಕಿನಲ್ಲೇ ಇದ್ದರೆ ಅಪರಾಹ್ನದ ಮಗ್ಗುಲು ಹಿಂಬದಿಗೆ ಬೀಳುತ್ತದೆ. ಅಲ್ಲಿಂದ ಚಿಮ್ಮಿದ ಆವಿ ಧೂಮಕೇತುವನ್ನು ಮುಂದಕ್ಕೆ ತಳ್ಳುತ್ತದೆ, ಕಕ್ಷೆ ಹಿಗ್ಗುತ್ತದೆ, ಮುಂದಿನ ಬರುವಿಕೆ ತಡವಾಗುತ್ತದೆ. ಎದುರು ದಿಕ್ಕಿಗೆ ತಿರುಗುತ್ತಿದ್ದರೆ ಕಕ್ಷೆ ಕುಗ್ಗಿ ಬೇಗ ಬರುತ್ತದೆ. ಎಂಕೆಯ ಎರಡೂವರೆ ಗಂಟೆಯೂ ಹ್ಯಾಲಿಯ ದಿನಗಳೂ ಒಂದೇ ಕಾರಣದೊಳಗೆ ಬಂದವು. ಬೆಸೆಲ್ 1835ರಲ್ಲಿ ಕಂಡ ಬೀಸಣಿಗೆ ಸರಿಯಾದ ಸುಳಿವೇ ಆಗಿತ್ತು.

ಎಷ್ಟು ದಿನ ಎಂದು ನಿಷ್ಕರ್ಷಿಸಲು ಹಳೆಯ ಚೀನಾಕ್ಕೆ ಹೋಗಬೇಕಾಯಿತು. ಅಲ್ಲಿಯ ಆಸ್ಥಾನ ಖಗೋಳಜ್ಞರು ಕ್ರಿ.ಪೂ. 240ರಿಂದ ಈ ಧೂಮಕೇತುವಿನ ಬರುವಿಕೆಯನ್ನು ಬರೆದಿಟ್ಟಿದ್ದಾರೆ. ಕ್ರಿ.ಶ. 837ರ ಏಪ್ರಿಲ್‌ನಲ್ಲಿ ಅದು ಭೂಮಿಯಿಂದ ಕೇವಲ 50 ಲಕ್ಷ ಕಿಲೋಮೀಟರಿನಷ್ಟು ಹತ್ತಿರ ಹಾದುಹೋದಾಗ ಟಾಂಗ್ ರಾಜಧಾನಿಯ ವೀಕ್ಷಕರು ಅದು ಯಾವ ನಕ್ಷತ್ರಮನೆಯಲ್ಲಿದೆ, ಬಾಲ ಎಷ್ಟು ಉದ್ದ, ಎತ್ತ ಕಡೆಗೆ ಎಂದು ದಿನದಿನವೂ ಬರೆದರು. ಡಬ್ಲಿನ್ನಿನ ಡನ್‌ಸಿಂಕ್ ವೀಕ್ಷಣಾಲಯದ ಟಾವ್ ಕಿಯಾಂಗ್ 1972ರಲ್ಲಿ ಇಂಥ ದಾಖಲೆಗಳನ್ನು ಲೆಕ್ಕದೊಂದಿಗೆ ತಾಳೆನೋಡಿದರು. ಗ್ರಹಗಳ ಸೆಳೆತವಷ್ಟೇ ಇದ್ದಿದ್ದರೆ ಬರಬೇಕಾದದ್ದಕ್ಕಿಂತ ಪ್ರತಿ ಸುತ್ತಿನಲ್ಲೂ ಸರಾಸರಿ ನಾಲ್ಕು ದಿನಕ್ಕೆ ತುಸು ಮೇಲೆ ತಡ. ಎರಡು ಸಾವಿರ ವರ್ಷಗಳುದ್ದಕ್ಕೂ ಅಷ್ಟೇ! ಮುಂದೆ 1981ರಲ್ಲಿ ಡೊನಾಲ್ಡ್ ಯೋಮನ್ಸ್ ಜೊತೆಗೂಡಿ ಅವರು ಕಕ್ಷೆಯನ್ನು ಕ್ರಿ.ಪೂ. 1404ರವರೆಗೆ ಹಿಂದಕ್ಕೆ ಒಯ್ದರು. 837ರಲ್ಲಿ ಭೂಮಿಯೇ ಕಕ್ಷೆಯನ್ನು ಅಲುಗಿಸಿದ್ದರಿಂದ, ಅದನ್ನು ದಾಟಿ ಹಿಂದಕ್ಕೆ ಹೋಗಲು ಟಾಂಗ್ ವೀಕ್ಷಕರ ಅಳತೆಗಳ ಆಸರೆ ಬೇಕೇಬೇಕಾಗಿತ್ತು.

1982ರ ಅಕ್ಟೋಬರ್ 16ರಂದು ಪಾಲೊಮಾರ್ ಬೆಟ್ಟದ 200 ಅಂಗುಲದ ದೂರದರ್ಶಕಕ್ಕೆ ಹ್ಯಾಲಿಯ ಧೂಮಕೇತು ಮತ್ತೆ ಸಿಕ್ಕಿದಾಗ, ಅದು ಯೋಮನ್ಸ್ ಹೇಳಿದ ಜಾಗದಿಂದ ಹತ್ತು ವಿಕಲೆಯೂ ಆಚೀಚೆ ಇರಲಿಲ್ಲ. ಆ ಆಗಸ್ಟಿನಲ್ಲಷ್ಟೇ ನಾವು ವೇಣು ಬಪ್ಪು ಅವರನ್ನು ಕಳೆದುಕೊಂಡಿದ್ದೆವು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದವರು, 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಧೂಮಕೇತುವೊಂದನ್ನು ಕಂಡು ಅದಕ್ಕೆ ತಮ್ಮ ಹೆಸರು ಸೇರಿಸಿದವರು. ಕಾವಲೂರಿನಲ್ಲಿ ಅವರು ಕನಸಿದ 2.34 ಮೀಟರಿನ ದೂರದರ್ಶಕಕ್ಕೆ ಅವರ ಹೆಸರಿಟ್ಟದ್ದು 1986ರ ಜನವರಿಯಲ್ಲಿ, ಹ್ಯಾಲಿ ಪುರರವಿ ತಲುಪಲು ಒಂದು ತಿಂಗಳಿದ್ದಾಗ. ಫೆಬ್ರವರಿ 9ರ ಆ ಗಳಿಗೆಯನ್ನು ಈ ಸಲದ ಲೆಕ್ಕ ತಪ್ಪಿದ್ದು ಗಂಟೆಗಳಲ್ಲಿ, ದಿನಗಳಲ್ಲಿ ಅಲ್ಲ. ಮಾರ್ಚ್ 14ರಂದು ಯೂರೋಪಿನ ಜೊಟ್ಟೊ ನೌಕೆ 596 ಕಿಲೋಮೀಟರ್ ಹತ್ತಿರದಿಂದ ಹಾದುಹೋಯಿತು. ಅಷ್ಟು ಹತ್ತಿರಕ್ಕೆ ಗುರಿಯಿಡಲು ಸಾಧ್ಯವಾದದ್ದು ಕೆಲವೇ ದಿನ ಮೊದಲು ಹಾದುಹೋದ ಸೋವಿಯತ್ ವೇಗಾ ನೌಕೆಗಳು ಅದರ ನಿಖರ ಸ್ಥಾನವನ್ನು ತಿಳಿಸಿದ್ದರಿಂದ. ಚಿತ್ರಗಳಲ್ಲಿ 15 ಕಿಲೋಮೀಟರ್ ಉದ್ದದ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ ಹಿಂದಿರುಗಿಸುವ ಕಪ್ಪು ಗಡ್ಡೆ. ಅದರ ಬಿಸಿಲು ಬಿದ್ದ ಮಗ್ಗುಲಿನಿಂದ ಚಿಮ್ಮುವ ಬುಗ್ಗೆಗಳು. ನಾಲ್ಕು ದಿನ ತಡಮಾಡಿಸುತ್ತಿದ್ದದ್ದು ಅವೇ.

ಸ್ಥಾನದ ಲೆಕ್ಕ ಹೀಗೆ ಪಳಗಿತು. ಹೊಳಪಿನದು ಪಳಗಿಲ್ಲ. ಬರಿಯ ಬಂಡೆಯಾದರೆ ಸೂರ್ಯನಿಂದ ಎಷ್ಟು ದೂರ, ನಮ್ಮಿಂದ ಎಷ್ಟು ದೂರ ಎಂಬೆರಡು ಅಂಕಿಗಳಿಂದ ಅದು ಎಷ್ಟು ಬೆಳಗುತ್ತದೆಂದು ಹೇಳಬಹುದು. ಧೂಮಕೇತು ಬಿಸಿಲಿಗೆ ಬಂದಂತೆ ತನ್ನದೇ ಧೂಳು ಅನಿಲಗಳನ್ನು ಹೊದೆಯುತ್ತದೆ. ಸೂರ್ಯನಿಂದ ದೂರ ಅರ್ಧವಾದರೆ ಹೊಳಪು ನಾಲ್ಕು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟಾಗುತ್ತದೆ. ಇದು ರೂಢಿಯ ಸೂತ್ರ, ಮತ್ತು ಆಗಾಗ ಕೈಕೊಡುವ ಸೂತ್ರ. 1973ರಲ್ಲಿ ಗುರುವಿನಷ್ಟು ದೂರದಲ್ಲಿದ್ದಾಗಲೇ ಸಿಕ್ಕಿದ ಕೊಹೌಟೆಕ್ ಧೂಮಕೇತು ಶತಮಾನದ ಬೆಡಗಾಗುತ್ತದೆ ಎಂದು ಪತ್ರಿಕೆಗಳು ಸಾರಿದವು. ಜನ ಕಾದು ನಿರಾಶರಾದರು. 2007ರ ಅಕ್ಟೋಬರಿನಲ್ಲಿ ಹೋಮ್ಸ್ ಎಂಬ ಮಸುಕಾದ ಧೂಮಕೇತು ಎರಡೇ ದಿನಗಳಲ್ಲಿ ಸುಮಾರು ಐದು ಲಕ್ಷ ಪಟ್ಟು ಹೆಚ್ಚು ಬೆಳಗಿ ಬರಿಗಣ್ಣಿಗೆ ಕಂಡಿತು, ಅದೂ ಸೂರ್ಯನಿಂದ ದೂರ ಸರಿಯುತ್ತಿದ್ದಾಗ. ಹ್ಯಾಲಿಯದೇ 1991ರಲ್ಲಿ, ಶನಿಯ ಕಕ್ಷೆಯನ್ನೂ ದಾಟಿ ತಣ್ಣಗಾಗಿರಬೇಕಾದಾಗ, ಇದ್ದಕ್ಕಿದ್ದಂತೆ ನೂರಾರು ಪಟ್ಟು ಹೊಳೆಯಿತು.

2023ರ ಡಿಸೆಂಬರಿನಲ್ಲಿ ಅದು ನೆಪ್ಚೂನ್ ಕಕ್ಷೆಯ ಆಚೆ, ಸೂರ್ಯನಿಂದ ತನ್ನ ಅತಿ ದೂರದ ಬಿಂದುವನ್ನು ಮುಟ್ಟಿ ಮರಳಿ ಹೊರಟಿದೆ. ಮುಂದಿನ ಪುರರವಿ 2061ರ ಜುಲೈ 28. ಬುಗ್ಗೆಗಳು ಈವರೆಗೆ ತಳ್ಳಿದಂತೆಯೇ ಮುಂದೆಯೂ ತಳ್ಳುತ್ತವೆ ಎಂಬ ನಂಬಿಕೆಯ ಮೇಲೆ ಆ ದಿನಾಂಕ ನಿಂತಿದೆ, ಎರಡು ಸಾವಿರ ವರ್ಷದ ದಾಖಲೆ ಆ ನಂಬಿಕೆಗೆ ಬೆಂಬಲವಾಗಿದೆ. 1986ರಲ್ಲಿ ಪುರರವಿಯ ಹೊತ್ತಿಗೆ ಭೂಮಿ ಸೂರ್ಯನ ಆಚೆ ಬದಿಯಲ್ಲಿತ್ತು, ಅದಕ್ಕೇ ಅಷ್ಟು ಮಸುಕಾಗಿ ಕಂಡದ್ದು. 2061ರಲ್ಲಿ ಎರಡೂ ಒಂದೇ ಬದಿಗಿರುತ್ತವೆ, ಆದ್ದರಿಂದ ಹೆಚ್ಚು ಬೆಳಗಬೇಕು. ಎಷ್ಟು ಎಂದು ಕೇಳಿದರೆ ಖಗೋಳಜ್ಞರು ಈಗಲೂ ಒಂದು ಅಂದಾಜನ್ನಷ್ಟೇ ಕೊಡುತ್ತಾರೆ.